ಆಸ್ಪತ್ರೆಗೆ ಹೊರಡುವ ಮುಂಚೆ

ಕಾಯಿಲೆಯವರಿಗೆ ಎಣ್ಣೆ ಹಚ್ಚುವ ಅಭ್ಯಂಗ ಸಂಸ್ಕಾರವೆಂದರೆ ಕಥೋಲಿಕ ಮನೆಗಳಲ್ಲಿ ಇಂದಿಗೂ ಒಂದು ಅಂಜಿಕೆ ಇದೆ. ಫಾದರ್ ಎಣ್ಣೆ ತಂದರೆ ಕತೆ ಮುಗಿಯಿತೆಂದೇ ನೆಂಟರು ತಿಳಿಯುತ್ತಾರೆ. ಹಾಗಾಗಿ ರೋಗಿಗೆ ಪ್ರಜ್ಞೆ ತಪ್ಪುವವರೆಗೂ ಅವರನ್ನು ಕರೆಸುವುದಿಲ್ಲ. ಕರ್ನಾಟಕಕ್ಕೆ ಹೊಂದಿದ ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರದಂಥ ಗಡಿಸೀಮೆಯಲ್ಲಿ ಈ ಸಂಸ್ಕಾರ ನಡೆಯಬೇಕಾದ್ದು ರೋಗಿ ದೂರದ ಆಸ್ಪತ್ರೆಗೆ ಹೊರಡುವ ಮುನ್ನ, ಅವನ ಮನೆಯಲ್ಲಿ, ಅವನ ಮಾತಿನಲ್ಲಿ ಎಂಬುದು ನನ್ನ ವಾದ. ಇದೇನೂ ಹೊಸ ಬೇಡಿಕೆಯಲ್ಲ. ಯಕೋಬನ ಪತ್ರದ 5ನೇ ಅಧ್ಯಾಯ ಸಭೆಯ ಹಿರಿಯರನ್ನು ಕರೆಸಲು ಹೇಳುವುದು ಕಾಯಿಲೆ ಬಿದ್ದವನಿಗೆ. ಮಧ್ಯಯುಗದಲ್ಲಿ ಈ ಎಣ್ಣೆ ಮರಣಶಯ್ಯೆಗೆ ಸರಿಯಿತು, ನಿಜ. ಆದರೂ 1551ರಲ್ಲಿ ಟ್ರೆಂಟ್ ಮಹಾಸಭೆ ಮರಣಾಸನ್ನರಿಗೆ ಒತ್ತು ಕೊಟ್ಟಿತೇ ಹೊರತು ಉಳಿದ ರೋಗಿಗಳನ್ನು ಹೊರಗಿಡಲಿಲ್ಲ. ಇದು ಸಾಯುವವರಿಗಷ್ಟೇ ಸಲ್ಲುವುದಲ್ಲವೆಂದು 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ಸಾರಿತು. ಪೋಪ್ ಆರನೇ ಪೌಲರು 1972ರಲ್ಲಿ ಒಪ್ಪಿದ ಹೊಸ ವಿಧಿಯ ಪ್ರಕಾರ ಗಂಭೀರ ಕಾಯಿಲೆಯ ಶಸ್ತ್ರಚಿಕಿತ್ಸೆಗೆ ಮುಂಚೆ ಹಣೆಗೂ ಕೈಗಳಿಗೂ ಎಣ್ಣೆ ಹಚ್ಚಬಹುದು. ಕಾಯಿಲೆ ಮರುಕಳಿಸಿದರೆ ಮತ್ತೊಮ್ಮೆ ಹಚ್ಚಬಹುದು. ಆಲಿವ್ ಸಿಗದ ಕಡೆ ಬೇರೆ ಸಸ್ಯದ ಎಣ್ಣೆಗೂ ಆಗಲೇ ಒಪ್ಪಿಗೆ ಸಿಕ್ಕಿತು. ಕುಸುಬೆ ಬೆಳೆಯುವ ಈ ಎರೆನೆಲ ಆ ಒಪ್ಪಿಗೆಯನ್ನು ಬಳಸಿಕೊಳ್ಳಬಾರದೇಕೆ?

ಗಡಿಯ ಮಾತಿಗೆ ಬರೋಣ. 1956ರವರೆಗೆ ಉದಗೀರ, ನಿಲಂಗಾ ಎರಡೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲ್ಲೂಕುಗಳು. ರಾಜ್ಯ ಬದಲಾದರೂ ಮನೆಮಾತು ಕನ್ನಡವಾಗಿಯೇ ಉಳಿದ ಕುಟುಂಬಗಳು ಇಲ್ಲಿವೆ. ಚರ್ಚಿನ ಎಲ್ಲೆಯೂ ಅದೇ ಗೆರೆ ಹಿಡಿದಿದೆ: ಇತ್ತ 1977ರಲ್ಲಿ ಸ್ಥಾಪನೆಯಾದ ಔರಂಗಾಬಾದ್ ಧರ್ಮಪ್ರಾಂತ್ಯ, ಅತ್ತ ಬೀದರ್ ಸೇರಿದ, 2005ರ ಗುಲ್ಬರ್ಗ ಧರ್ಮಪ್ರಾಂತ್ಯ. ರೋಗಿ ಮಾತ್ರ ಸೊಲ್ಲಾಪುರಕ್ಕೋ ಕಲಬುರಗಿಗೋ ಹೈದರಾಬಾದಿಗೋ ಹೋಗುತ್ತಾನೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ಗಾಯಾಳುಗಳನ್ನೂ ಸೊಲ್ಲಾಪುರದವರೆಗೆ ಸಾಗಿಸಬೇಕಾಯಿತು. ಅಷ್ಟು ದೂರದ ವಾರ್ಡಿನಲ್ಲಿ ರೋಗಿಯ ಧರ್ಮಕೇಂದ್ರ ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ. ಹೊರಡುವ ಮುಂಚೆ ಆಗದ ಸಂಸ್ಕಾರ ಅಲ್ಲಿ ಆಗುವುದು ಅಪರೂಪ.

ಇದು ವೈದ್ಯಕ್ಕೆ ಎದುರಾದ ಮೌಢ್ಯವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಮಹಾರಾಷ್ಟ್ರದ 2013ರ ಮೂಢನಂಬಿಕೆ ವಿರೋಧಿ ಕಾನೂನು ಹಾವು, ಚೇಳು, ನಾಯಿ ಕಚ್ಚಿದವರನ್ನು ಚಿಕಿತ್ಸೆಯಿಂದ ತಡೆದು ಮಂತ್ರ ಹಾಕುವುದನ್ನು ಅಪರಾಧವೆನ್ನುತ್ತದೆ. ಗುಣಪಡಿಸುವ ಹೆಸರಿನಲ್ಲಿ ಮಾತ್ರೆ ಬಿಡಿಸುವ ಪ್ರಾರ್ಥನಾಕೂಟಗಳಿಗೂ ಇದೇ ಒರೆಗಲ್ಲು ಹಚ್ಚಬೇಕು. ಅಲ್ಲಿ ದಾಕ್ಷಿಣ್ಯ ಸಲ್ಲದು. ಶಸ್ತ್ರಚಿಕಿತ್ಸೆಗೆ ಹೊರಟವನಿಗೆ ಹಚ್ಚುವ ಎಣ್ಣೆಯಾದರೋ ವೈದ್ಯನನ್ನು ಒಪ್ಪಿಕೊಂಡೇ ನಡೆಯುವಂಥದು. ಇನ್ನೊಂದು ಆಕ್ಷೇಪ ಒಳಗಿನವರದು: ಕಥೋಲಿಕರೇ ಬೆರಳೆಣಿಕೆಯಷ್ಟಿರುವ ಕಡೆ ಪ್ರತಿ ರೋಗಿಯ ಬಳಿಗೂ ಗುರುಗಳು ಹೊತ್ತಿಗೆ ಬರುವುದು ಹೇಗೆ? 416ರಲ್ಲಿ ಪೋಪ್ ಒಂದನೇ ಇನ್ನೊಸೆಂಟರು ಧರ್ಮಾಧ್ಯಕ್ಷರು ಹರಸಿದ ಎಣ್ಣೆಯನ್ನು ಸಾಮಾನ್ಯ ವಿಶ್ವಾಸಿಗಳೂ ಬಳಸಬಹುದೆಂದು ಬರೆದಿದ್ದರು. ಇಂದಿನ ಚರ್ಚಿನ ಕಾನೂನು ಸಂಸ್ಕಾರವನ್ನು ಗುರುಗಳಿಗೇ ಮೀಸಲಿಟ್ಟಿದೆ. ಆ ವಿವಾದವನ್ನು ಈ ಗೋಷ್ಠಿ ಬಗೆಹರಿಸಲಾರದು. ಆದರೆ ರೋಗಿಯ ಬಳಿ ಕೂತು ಪ್ರಾರ್ಥಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಎರಡೂ ಧರ್ಮಪ್ರಾಂತ್ಯಗಳು ಕೂಡಿ ಈ ತಾಲ್ಲೂಕುಗಳ ಮನೆಮನೆಗೆ ಒಂದು ಕನ್ನಡ ಪ್ರಾರ್ಥನಾ ಕಿರುಹೊತ್ತಗೆ ಕೊಡುವುದು, ಯಾವ ಊರಿನ ಆಸ್ಪತ್ರೆಗೆ ಯಾವ ಧರ್ಮಕೇಂದ್ರ ಹತ್ತಿರವೆಂದು ಅದರ ಹಿಂಬದಿಯಲ್ಲಿ ಅಚ್ಚು ಹಾಕಿಸುವುದು: ಮಧ್ಯಾಹ್ನದ ಚರ್ಚೆ ಇಲ್ಲಿಂದ ಶುರುವಾಗಲಿ.