ಹಳೆಯ ಗಣಕಯಂತ್ರ ಚಾಲೂ ಆಗದಿದ್ದರೆ ಏನು ಮಾಡಬೇಕು?



ಭೂಮಿ ಯೋಜನೆಯಿಂದಾಗಿ ಪಹಣಿ ಕಂಪ್ಯೂಟರಿಗೆ ಬಂದು ಎರಡು ದಶಕಗಳು ಕಳೆದಿವೆ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಕಬ್ಬಿನ ತೂಕ, ಸಂಘದ ಸಾಲ, ಗೊಬ್ಬರದ ದಾಸ್ತಾನು ಮುಂತಾದ ಲೆಕ್ಕಗಳನ್ನೂ ಈಗ ಅದರಲ್ಲಿಯೇ ಇಡುವುದುಂಟು. ಹತ್ತು ಹನ್ನೆರಡು ವರ್ಷದ ಹಳೆಯ ಯಂತ್ರ ಒಂದು ಮುಂಜಾನೆ ಚಾಲೂ ಆಗದಿದ್ದರೆ ಗಾಬರಿಯಾಗುವುದು ಸಹಜ. ಆದರೆ ಪಂಪ್‌ಸೆಟ್ ನಿಂತಾಗ ಯಾರೂ ಮೊದಲೇ ಮೋಟಾರು ಮೇಲೆತ್ತುವುದಿಲ್ಲ. ಫ್ಯೂಸು, ಸ್ಟಾರ್ಟರು ನೋಡುತ್ತಾರೆ. ಇಲ್ಲಿಯೂ ಅದೇ ಕ್ರಮ ಅನುಸರಿಸಬೇಕು.

1. ದೀಪವೂ ಇಲ್ಲ, ಸದ್ದೂ ಇಲ್ಲ: ಗೋಡೆಯ ಸಾಕೆಟ್ಟಿಗೆ ಬೇರೆ ದೀಪ ಹಚ್ಚಿ ಪರೀಕ್ಷಿಸಿರಿ. ಯು.ಪಿ.ಎಸ್. ಬ್ಯಾಟರಿ ಸತ್ತಿರಬಹುದು, ಅದನ್ನು ಬಿಟ್ಟು ನೇರವಾಗಿ ಜೋಡಿಸಿ ನೋಡಿರಿ. ಕೆಲವು ಹಳೆಯ ಪೆಟ್ಟಿಗೆಗಳ ಹಿಂಭಾಗದಲ್ಲಿ ಕೆಂಪು ಗುಂಡಿ ಇರುತ್ತದೆ. ಅದು 230 ವೋಲ್ಟಿನಲ್ಲಿಯೇ ಇರತಕ್ಕದ್ದು. ವೋಲ್ಟೇಜ್ ಪದೇ ಪದೇ ಕುಸಿಯುತ್ತಿದ್ದರೆ ಹುಕ್ಕೇರಿ ಭಾಗದವರು ಗ್ರಾಮೀಣ ವಿದ್ಯುತ್ ಸಹಕಾರ ಸಂಘಕ್ಕೂ, ಗೋಕಾಕ ಮೂಡಲಗಿಯವರು ಹೆಸ್ಕಾಂಗೂ ತಿಳಿಸಬೇಕು. ವಿದ್ಯುತ್ ಪೂರೈಸುವ ಒಳಗಿನ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

2. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು: ಮೊದಲು ಪರದೆಯ ತಂತಿ ಬಿಗಿಯಾಗಿದೆಯೇ ನೋಡಿರಿ. ಪೀಂ ಪೀಂ ಸದ್ದು ಬಂದರೆ ಮೆಮೊರಿ ಪಟ್ಟಿ ಸಡಿಲಾಗಿರುವ ಸಂಭವ ಹೆಚ್ಚು. ಪ್ಲಗ್ ತೆಗೆದು, ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಧೂಳು ಸ್ವಚ್ಛಗೊಳಿಸಿ, ಪಟ್ಟಿಯನ್ನು ತೆಗೆದು ಮತ್ತೆ ಒತ್ತಿ ಕೂಡಿಸಬೇಕು.

3. ದಿನಾಂಕ ತಪ್ಪಾಗಿದೆ: ಒಳಗಿನ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ. ಅಲ್ಪ ಬೆಲೆಯ ಈ ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಿದರೆ ಸಾಕು.

4. ಡಿಸ್ಕ್ ಸಿಗಲಿಲ್ಲವೆಂಬ ಸೂಚನೆ: ಪೆನ್‌ಡ್ರೈವ್ ಸಿಕ್ಕಿಸಿಯೇ ಬಿಟ್ಟಿದ್ದರೆ ತೆಗೆದು ಪುನಃ ಚಾಲೂ ಮಾಡಿರಿ. ನಂತರ ಯಂತ್ರ ಆರಿಸಿ, ಹಾರ್ಡ್‌ಡಿಸ್ಕಿನ ತಂತಿ ಬಿಗಿ ಮಾಡಿರಿ. ಆದರೆ ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೆ ಕೂಡಲೇ ಆರಿಸತಕ್ಕದ್ದು. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಉಳಿದ ಲೆಕ್ಕ ಕೈತಪ್ಪುವ ಭಯ ಹೆಚ್ಚು.

ದುರಸ್ತಿಗೆ ಕೊಡುವಾಗ, "ಒಳಗಿನ ಲೆಕ್ಕ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಎಂದು ಚೀಟಿ ಅಂಟಿಸಿ ಕೊಡಬೇಕು. ಹಳೆಯ ಪೆಟ್ಟಿಗೆಗೆ ಅಂಗಡಿಯಲ್ಲಿ ಬೆಲೆ ಕಡಿಮೆ. ಸಾಲ ತೀರಿಸಿದ ಸದಸ್ಯನಿಗೆ ಅದರೊಳಗಿನ ಜಮೆಯ ದಾಖಲೆಯೇ ಆಧಾರ.

ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ತಯಾರಕರ ಸಾಮಾನ್ಯ ಬೆಂಬಲ ಮುಗಿದಿದೆ. ಆದ್ದರಿಂದ ಇಂತಹ ಯಂತ್ರವನ್ನು ಇಂಟರ್‌ನೆಟ್ಟಿಗೆ ಜೋಡಿಸುವಾಗ ಎಚ್ಚರ ಅಗತ್ಯ.

ಕಬ್ಬು ನುರಿಸುವ ಹಂಗಾಮು ಆರಂಭವಾಗುವ ಮೊದಲೇ ಎಲ್ಲ ಲೆಕ್ಕದ ಎರಡು ಪ್ರತಿ ತೆಗೆದು, ಒಂದನ್ನು ಬೇರೆ ಕಟ್ಟಡದಲ್ಲಿ ಇಡಿರಿ. ಅನಂತರ ವಾರಕ್ಕೊಮ್ಮೆ ಪ್ರತಿ ತೆಗೆಯುವ ರೂಢಿ ಇಟ್ಟುಕೊಂಡರೆ ಯಂತ್ರ ನಿಂತರೂ ವ್ಯವಹಾರ ನಿಲ್ಲುವುದಿಲ್ಲ.