ಜೂನ್ ಒಂದರ ಮಕ್ಕಳು ಮತ್ತು ಜಾರುವ ರಾಶಿ

(ವಿದ್ಯಾರ್ಥಿ ನಿಲಯವೊಂದರ ಸಂಜೆ ಸಭೆಯಲ್ಲಿ ಆಡಿದ ಮಾತು)



ಹೋದ ತಿಂಗಳು ಇದೇ ಹಾಸ್ಟೆಲಿನ ಒಬ್ಬ ತಮ್ಮ ಎರಡು ಪೇಪರು ಹಿಡಕೊಂಡು ನನ್ನ ಹತ್ತಿರ ಬಂದ. ಪರೀಕ್ಷೆ ಹತ್ತಿರ ಇತ್ತು. "ಅಣ್ಣ, ಇದರಲ್ಲಿ ಮೇಷರಾಶಿ ಮಾರ್ಚ್ 21ರಿಂದ ಅಂತಿದೆ, ಅದರಲ್ಲಿ ಮಾರ್ಚ್ 20ರಿಂದ ಅಂತಿದೆ. ಗೋಡೆ ಕ್ಯಾಲೆಂಡರಿನಲ್ಲಿ ಸೂರ್ಯ ಮೇಷಕ್ಕೆ ಬರೋದೇ ಏಪ್ರಿಲ್ 14ಕ್ಕೆ. ನಾನು ಹುಟ್ಟಿದ್ದು ಮಾರ್ಚ್ 20. ನಾನು ಯಾವ ರಾಶಿ?" ಅಂದ. ಒಂದು ಪೇಪರಿನ ಪ್ರಕಾರ ಅವನಿಗೆ ಆ ವಾರ ಜಯ, ಇನ್ನೊಂದರ ಪ್ರಕಾರ ವಿಘ್ನ. ನಾನು ನಕ್ಕುಬಿಟ್ಟೆ. ಆಮೇಲೆ ನಾಚಿಕೆಯಾಯಿತು. ಯಾಕೆಂದರೆ ಪ್ರಶ್ನೆ ಸರಿಯಾಗಿಯೇ ಇತ್ತು, ಉತ್ತರ ನನಗೆ ಗೊತ್ತಿರಲಿಲ್ಲ. ಬಿ.ಎ. ಓದಿದವನು, ನಾಲ್ಕು ಪದ್ಯ ಬರೆದವನು, ಆಕಾಶದ ಬಗ್ಗೆ ಉಪಮೆ ಬಿಟ್ಟರೆ ಬೇರೇನೂ ಗೊತ್ತಿಲ್ಲದವನು. ಲೈಬ್ರರಿಯಲ್ಲಿ ಕೂತು ಓದಿಕೊಂಡು ಬಂದಿದ್ದನ್ನ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೊದಲು ಒಂದು ಮಾತು. ಇಲ್ಲಿ ಜೂನ್ 1ಕ್ಕೆ ಹುಟ್ಟಿದವರು ಯಾರ್ಯಾರು, ಕೈ ಎತ್ತಿ. ನೋಡಿ, ಅರ್ಧ ಕೋಣೆ! ನಾನೂ ಜೂನ್ 1ರವನೇ. ಶಾಲೆಗೆ ಸೇರಿಸೋವಾಗ ಮೇಷ್ಟ್ರು ನಮ್ಮವ್ವನ್ನ ತಾರೀಖು ಕೇಳಿದರು. ಅವ್ವ, "ಹುಚ್ಚೆಳ್ಳು ಹೂ ಬಿಟ್ಟಿತ್ತು ಸಾ, ದೀಪಾವಳಿ ಇನ್ನೂ ಬಂದಿರಲಿಲ್ಲ" ಅಂದಳು. ಮೇಷ್ಟ್ರು ಜೂನ್ 1 ಅಂತ ಬರಕೊಂಡರು. ಪೇಪರಿನ ಪ್ರಕಾರ ಜೂನ್ 1 ಮಿಥುನ. ಪಂಚಾಂಗದ ಸೂರ್ಯನ ಪ್ರಕಾರ ವೃಷಭ. ಅವ್ವನ ಹುಚ್ಚೆಳ್ಳಿನ ಪ್ರಕಾರ ಕನ್ಯೆಯೋ ತುಲೆಯೋ. ಮೂರು ರಾಶಿಯವನು ನಿಮ್ಮ ಮುಂದೆ ನಿಂತಿದ್ದೇನೆ. (ನಮ್ಮ ಕಡೆ ಜಾತಕದಲ್ಲಿ ರಾಶಿ ಅನ್ನೋದು ಚಂದ್ರನ ರಾಶಿ. ಅದು ಎರಡೂಕಾಲು ದಿನಕ್ಕೊಮ್ಮೆ ಬದಲಾಗುತ್ತೆ. ತಾರೀಖು ನೋಡಿ ಹೇಳೋದು ಸೂರ್ಯನ ರಾಶಿ. ಇವತ್ತಿನ ಮಾತು ಸೂರ್ಯನದ್ದು ಮಾತ್ರ.)

ಈಗ ತಮ್ಮನ ಪ್ರಶ್ನೆ. ಭೂಮಿ ಸೂರ್ಯನ್ನ ಸುತ್ತಿ ಬರೋಕೆ ದಿನಗಳನ್ನ ಪೂರ್ತಿ ಸಂಖ್ಯೆಯಲ್ಲಿ ತಗೊಳ್ಳೋದಿಲ್ಲ. ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲಕ್ಕೆ, ಅಂದರೆ ಋತುಗಳ ವರ್ಷಕ್ಕೆ, 365 ದಿನ 5 ಗಂಟೆ 48 ನಿಮಿಷ 45 ಸೆಕೆಂಡು. ಕ್ಯಾಲೆಂಡರು 365ಕ್ಕೆ ಮುಗಿದುಬಿಡುತ್ತೆ. ಉಳಿದ ಹೆಚ್ಚು ಕಡಿಮೆ ಆರು ಗಂಟೆ ಬಾಕಿ. ನಾಲ್ಕು ವರ್ಷದ ಬಾಕಿ ಸೇರಿಸಿ ಫೆಬ್ರವರಿ 29 ಅಂತ ಒಂದು ದಿನ ತೀರಿಸ್ತಾರೆ. ಕೂಲಿ ಬಾಕಿಯ ಲೆಕ್ಕ ಗೊತ್ತಿರೋ ನಮಗೆ ಇದು ಕಷ್ಟ ಅಲ್ಲ.

ಪೇಪರಿನವರ ಮೇಷ ಶುರುವಾಗೋದು ಹಗಲು ರಾತ್ರಿ ಸರಿಸಮ ಆಗೋ ಮಾರ್ಚಿನ ವಿಷುವದ ಕ್ಷಣಕ್ಕೆ. ಆ ಕ್ಷಣ ನಮ್ಮ ಗಡಿಯಾರದಲ್ಲಿ 2024ರ ಮಾರ್ಚ್ 20ರ ಬೆಳಿಗ್ಗೆ 8:36ಕ್ಕೆ ಬಂತು. 2025ರಲ್ಲಿ ಅದೇ ತಾರೀಖು ಮಧ್ಯಾಹ್ನ 2:31. 2026ಕ್ಕೆ ರಾತ್ರಿ 8:16. 2027ಕ್ಕೆ ಮಾರ್ಚ್ 21 ಆಗಿ ಬೆಳಗಿನ ಜಾವ 1:55. 2028ರಲ್ಲಿ ಫೆಬ್ರವರಿಗೆ ಒಂದು ದಿನ ಸೇರಿದ್ದರಿಂದ ಮತ್ತೆ ಮಾರ್ಚ್ 20ರ ಬೆಳಿಗ್ಗೆ 7:47. ಅಂದರೆ ಮಾರ್ಚ್ 20ರ ಸಂಜೆ ಆರಕ್ಕೆ ಹುಟ್ಟಿದ ಕೂಸು 2025ರಲ್ಲಾದರೆ ಮೇಷ, 2026ರಲ್ಲಾದರೆ ಮೀನ. ಕೂಸು ಮಾಡಿದ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಇದ್ದದ್ದು ಆರು ಗಂಟೆಯ ಬಾಕಿ. ಪೇಪರಿನಲ್ಲಿ ಅಚ್ಚಾಗೋ "ಮಾರ್ಚ್ 21ರಿಂದ" ಅನ್ನೋದು ಅಂದಾಜು ಅಷ್ಟೆ.

ಆದರೆ ಇದು ಚಿಕ್ಕ ಜಾರುವಿಕೆ. ಹೋಗ್ತದೆ, ಬರ್ತದೆ. ದೊಡ್ಡದು ಇನ್ನೊಂದಿದೆ, ಅದು ವಾಪಸು ಬರೋದಿಲ್ಲ. ಗೋಡೆ ಕ್ಯಾಲೆಂಡರು ಏಪ್ರಿಲ್ 14 ಅನ್ನೋದಕ್ಕೆ ಅದೇ ಕಾರಣ.

ಬುಗುರಿ ಆಡಿದ್ದೀರಲ್ಲ? ಚಾಟಿ ಎಳೆದು ಬಿಟ್ಟಾಗ ಬುಗುರಿ ನೆಟ್ಟಗೆ ನಿಂತಂತೆ ತಿರುಗುತ್ತೆ. ಸ್ವಲ್ಪ ವಾಲಿದರೆ ಅದರ ತಲೆ ನಿಧಾನವಾಗಿ ಗಾಳಿಯಲ್ಲಿ ಒಂದು ವೃತ್ತ ಬರೆಯುತ್ತೆ. ಭೂಮಿಯೂ ವಾಲಿಕೊಂಡು ತಿರುಗೋ ಬುಗುರಿ. ಸೂರ್ಯ ಚಂದ್ರರ ಸೆಳೆತಕ್ಕೆ ಅದರ ಅಕ್ಷವೂ ಹಾಗೇ ವೃತ್ತ ಬರೆಯುತ್ತೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಹಾಗಾಗಿ ಋತುಗಳ ವರ್ಷಕ್ಕೂ ನಕ್ಷತ್ರಗಳ ವರ್ಷಕ್ಕೂ ಇಪ್ಪತ್ತು ನಿಮಿಷದ ವ್ಯತ್ಯಾಸ. ಸೂರ್ಯ ಅದೇ ನಕ್ಷತ್ರದ ಎದುರಿಗೆ ಬಂದು ನಿಲ್ಲೋಕೆ 365 ದಿನ 6 ಗಂಟೆ 9 ನಿಮಿಷ ಬೇಕು. ಇಪ್ಪತ್ತು ನಿಮಿಷ ಏನು ಮಹಾ ಅಂತೀರಾ? ಸುಮಾರು 72 ವರ್ಷಕ್ಕೆ ಒಂದು ದಿನ ಆಗುತ್ತೆ. ಒಬ್ಬ ಮನುಷ್ಯನ ಆಯುಸ್ಸಿಗೆ ಒಂದು ದಿನ. ಅದಕ್ಕೇ ಯಾರ ಕಣ್ಣಿಗೂ ಬೀಳೋದಿಲ್ಲ.

ಪೇಪರಿನವರದ್ದು ಋತುವಿಗೆ ಕಟ್ಟಿದ ರಾಶಿ, ಅದಕ್ಕೆ ಸಾಯನ ಅಂತಾರೆ. ನಮ್ಮ ಪಂಚಾಂಗದ್ದು ನಕ್ಷತ್ರಕ್ಕೆ ಕಟ್ಟಿದ್ದು, ಅದು ನಿರಯನ. ಎರಡಕ್ಕೂ ಈಗ 24 ಡಿಗ್ರಿ ಅಂತರ ಬಿದ್ದಿದೆ, ಅಂದರೆ ಮೂರೂವರೆ ವಾರ. ಸಂಕ್ರಾಂತಿಯನ್ನೇ ನೋಡಿ. ವಿವೇಕಾನಂದರು ಹುಟ್ಟಿದ್ದು 1863ರ ಮಕರ ಸಂಕ್ರಾಂತಿಯ ದಿನ. ತಾರೀಖು ಜನವರಿ 12. ಈಗ ಅದೇ ಸಂಕ್ರಾಂತಿ 14ಕ್ಕೆ, ಕೆಲವು ವರ್ಷ 15ಕ್ಕೆ. 2024ರಲ್ಲಿ 15, 2025ರಲ್ಲಿ 14. ಬಾಬಾಸಾಹೇಬರು ಹುಟ್ಟಿದ 1891ರಲ್ಲಿ ಪಂಚಾಂಗದ ಮೇಷ ಏಪ್ರಿಲ್ 14ಕ್ಕೆ ಒಂದೆರಡು ದಿನ ಮುಂಚೆಯೇ ಶುರುವಾಗಿತ್ತು. ಈಗ ಗಡಿ ಅವರ ಹುಟ್ಟುಹಬ್ಬದ ದಿನಕ್ಕೇ ಬಂದು ನಿಂತಿದೆ. ಮುಂದಕ್ಕೂ ಹೋಗುತ್ತೆ.

ಸಂಕ್ರಾಂತಿಯ ದಿನ ಉತ್ತರಾಯಣ ಶುರು ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗೋದು ಡಿಸೆಂಬರ್ 21 ಅಥವಾ 22ಕ್ಕೆ. ಹದಿನೇಳು ಶತಮಾನದ ಹಿಂದೆ ಎರಡೂ ಹೆಚ್ಚು ಕಡಿಮೆ ಒಂದೇ ದಿನ ಬೀಳ್ತಿತ್ತು. ಆಮೇಲೆ ಆಕಾಶ ಸರಿಯಿತು, ಪುಸ್ತಕ ಸರಿಯಲಿಲ್ಲ. ಇದರಲ್ಲಿ ನನಗೆ ಆಶ್ಚರ್ಯವಾಗಿದ್ದು ವರಾಹಮಿಹಿರನ ವಿಷಯ. ಆರನೇ ಶತಮಾನದವನು, ಜ್ಯೋತಿಷ್ಯದವರಿಗೆ ದೊಡ್ಡ ಆಚಾರ್ಯ. ಅವನೇ ಬೃಹತ್ಸಂಹಿತೆಯಲ್ಲಿ ಹೇಳ್ತಾನೆ: ಹಳೆಯ ಶಾಸ್ತ್ರಗಳಲ್ಲಿ ಅಯನಗಳು ಬೇರೆ ನಕ್ಷತ್ರದಲ್ಲಿ ಶುರುವಾಗ್ತಿದ್ದವು, ಈಗ ಕರ್ಕಟಕ ಮಕರದಲ್ಲಿ, ಇದೂ ಬದಲಾಗಿದೆಯೋ ಅಂತ ನೆರಳು ಅಳೆದು ಕಣ್ಣಾರೆ ನೋಡಿ ತಿಳಕೋಬೇಕು ಅಂತ. ಆಚಾರ್ಯ ನೋಡು ಅಂದ. ಯುಗಾದಿಗೆ ಗುಡಿಯಲ್ಲಿ ಪಂಚಾಂಗ ಓದೋರು ಓದಿಕೊಂಡೇ ಬಂದರು. ನಮ್ಮ ತಾತ ಗುಡಿಯಾಚೆ ಹುಣಸೇ ಮರದಡಿ ನಿಂತು ಈ ವರ್ಷ ಮಳೆ ಎಷ್ಟು ಕೊಳಗ ಅಂತ ಕೇಳಿಸಿಕೊಂಡು ಬರ್ತಿದ್ದ. ಅರ್ಧ ಕೇಳಿಸ್ತಿತ್ತು, ಅರ್ಧ ಗಾಳಿಗೆ ಹೋಗ್ತಿತ್ತು.

ಈ ಕೊಳೆತ ಲೆಕ್ಕವನ್ನ ಕೆದಕಿ ನೋಡಿದ ಮನುಷ್ಯನ ಕತೆ ಹೇಳಲೇಬೇಕು, ಹಾಸ್ಟೆಲಿನ ಹುಡುಗರಿಗೆ ಮುಖ್ಯವಾಗಿ. ಮೇಘನಾದ ಸಾಹಾ. 1893ರಲ್ಲಿ ಢಾಕಾ ಹತ್ತಿರದ ಶಿಯೋರಾತಲಿ ಅನ್ನೋ ಹಳ್ಳಿಯಲ್ಲಿ ಹುಟ್ಟಿದವರು. ಅಪ್ಪನದು ಸಣ್ಣ ದಿನಸಿ ಅಂಗಡಿ. ನಮ್ಮ ಹಾಗೆ ಅಸ್ಪೃಶ್ಯರಲ್ಲ, ಆದರೆ ಬಂಗಾಳದ ಮೇಲುಜಾತಿಯವರು ಕೆಳಗೆ ಕೂರಿಸಿದ ಜಾತಿ. 1911ರಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿ ಈಡನ್ ಹಿಂದೂ ಹಾಸ್ಟೆಲಿನಲ್ಲಿ ಇದ್ದರು. ಅಲ್ಲಿ ಮೇಲುಜಾತಿಯ ಹುಡುಗರು ಇವರ ಜೊತೆ ಕೂತು ಉಣ್ಣಲ್ಲ ಅಂದರು. ಹಾಸ್ಟೆಲು, ತಟ್ಟೆ, ಪಂಕ್ತಿ. ನಿಮಗೆ ವಿವರಿಸಬೇಕಾ? ಅದೇ ಹುಡುಗ 1920ರಲ್ಲಿ ನಕ್ಷತ್ರದ ಬೆಳಕು ನೋಡಿ ಅದರ ಕಾವು ಎಷ್ಟು ಅಂತ ತಿಳಿಯೋಕೆ ದಾರಿ ಮಾಡಿದ ಸೂತ್ರ ಬರೆದ. ಪ್ರಪಂಚದ ಖಗೋಳ ವಿಜ್ಞಾನಿಗಳೆಲ್ಲ ಇವತ್ತಿಗೂ ಅದನ್ನ ಸಾಹಾ ಸಮೀಕರಣ ಅಂತಲೇ ಕರೀತಾರೆ.

1952ರಲ್ಲಿ ಸರ್ಕಾರ ಪಂಚಾಂಗ ಸುಧಾರಣಾ ಸಮಿತಿ ಮಾಡಿ ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿತು. ದೇಶದಲ್ಲಿ ಆಗ ಮೂವತ್ತು ಬಗೆಯ ಪಂಚಾಂಗ ಬಳಕೆಯಲ್ಲಿತ್ತು. ಒಂದಕ್ಕೊಂದು ಹೊಂದುತ್ತಿರಲಿಲ್ಲ. ಋತುವಿಗೂ ಪಂಚಾಂಗಕ್ಕೂ 23 ದಿನ ತಪ್ಪಿದೆ ಅಂತ 1955ರ ವರದಿ ಲೆಕ್ಕ ಸಮೇತ ತೋರಿಸಿತು. 1957ರ ಮಾರ್ಚ್ 22ಕ್ಕೆ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು, ಚೈತ್ರ 1, ಶಕ 1879. ವಿಷುವದ ಮಾರನೇ ದಿನದಿಂದ ವರ್ಷ. ಅದನ್ನ ನೋಡೋಕೆ ಸಾಹಾ ಇರಲಿಲ್ಲ, 1956ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಸರ್ಕಾರಿ ಗೆಜೆಟ್ಟಿನಲ್ಲಿ ಆ ತಾರೀಖು ಅಚ್ಚಾಗುತ್ತೆ. ಗುಡಿಗಳಲ್ಲಿ ಹಳೇ ಲೆಕ್ಕವೇ. ಜೊತೆಯಲ್ಲಿ ಉಣ್ಣೋಕೆ ಆಗದವನ ಗಣಿತ ಒಪ್ಪೋದು ಕಷ್ಟ ಇರಬೇಕು ಅಂತ ನಾನು ಕುಹಕ ಆಡಬಹುದು. ಆದರೆ ಸಮಿತಿಯಲ್ಲಿದ್ದ ಪಂಡಿತರೂ ಸಹಿ ಹಾಕಿದ್ದರು. ಹಬ್ಬದ ದಿನ ಬದಲಾಯಿಸೋ ಧೈರ್ಯ ಯಾರಿಗೂ ಬರಲಿಲ್ಲ, ಅಷ್ಟೆ.

ಇನ್ನೊಂದು ವಿಷಯ, ಪದ್ಯ ಬರೆಯೋರಿಗೆ. ರಾಶಿ ಹನ್ನೆರಡು, ಒಂದೊಂದಕ್ಕೂ ಮೂವತ್ತು ಡಿಗ್ರಿ ಸಮಪಾಲು ಅನ್ನೋದು ಬಾಬಿಲೋನಿನವರು ಹಾಕಿದ ಲೆಕ್ಕ. ಆಕಾಶದಲ್ಲಿ ಪಾಲು ಹಾಗಿಲ್ಲ. ಇವತ್ತಿನ ಖಗೋಳ ವಿಜ್ಞಾನಿಗಳು ಒಪ್ಪಿಕೊಂಡ ಗಡಿಗಳ ಪ್ರಕಾರ ಸೂರ್ಯ ಕನ್ಯೆಯಲ್ಲಿ ಆರು ವಾರಕ್ಕೂ ಮಿಕ್ಕಿ ಇರ್ತಾನೆ, ವೃಶ್ಚಿಕದಲ್ಲಿ ಒಂದೇ ವಾರ. ಆಮೇಲೆ ಧನುಸ್ಸಿಗೆ ಹೋಗೋ ಮುಂಚೆ ಹದಿನೆಂಟು ದಿನ ಇನ್ನೊಬ್ಬನ ಮನೆಯಲ್ಲಿ ಇರ್ತಾನೆ. ಅವನ ಹೆಸರು ಉರಗಧರ, ಅಂದರೆ ಹಾವು ಹಿಡಿಯೋನು. ಚೇಳಿನವನಿಗಿಂತ ಎರಡು ಪಾಲು ಜಾಸ್ತಿ ದಿನ ಸೂರ್ಯನನ್ನ ಇಟ್ಟುಕೊಳ್ಳೋನು. ಆದರೂ ಹನ್ನೆರಡು ಮನೆಯ ಊರಿನಲ್ಲಿ ಅವನಿಗೆ ಮನೆ ಕೊಡಲಿಲ್ಲ. ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ತಮ್ಮನಿಗೆ ಉತ್ತರ ಹೇಳಿದೆ. ಅವನು ಹುಟ್ಟಿದ ಗಂಟೆ ಅವರವ್ವನಿಗೆ ನೆನಪಿಲ್ಲ. ಹಾಗಾಗಿ ಮೀನವೋ ಮೇಷವೋ ಪೇಪರಿನ ಲೆಕ್ಕದಲ್ಲಿ ತೀರ್ಮಾನ ಆಗಲಿಲ್ಲ. ಪರೀಕ್ಷೆ ಬರೆದು ಬಂದ. ಫಲಿತಾಂಶ ಇನ್ನೂ ಬಂದಿಲ್ಲ.

ಈಗ ಒಂದು ಕೆಲಸ ಇದೆ. ಡಿಸೆಂಬರ್ 22ರ ಮಧ್ಯಾಹ್ನ ಹಾಸ್ಟೆಲಿನ ತಾರಸಿ ಮೇಲೆ ಒಂದು ಮೀಟರಿನ ಕೋಲು ನೆಟ್ಟಗೆ ನಿಲ್ಲಿಸೋಣ. ಹನ್ನೆರಡರಿಂದ ಹನ್ನೆರಡೂವರೆವರೆಗೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕ್ತಾ ಹೋಗಬೇಕು. ಅದರಲ್ಲಿ ಎಲ್ಲಕ್ಕಿಂತ ಗಿಡ್ಡ ನೆರಳು ಆ ದಿನದ ಲೆಕ್ಕ. ಬೆಂಗಳೂರಿನ ಸೀಮೆಯಲ್ಲಿ ಅದು 74 ಸೆಂಟಿಮೀಟರ್ ಹತ್ತಿರ ಬರಬೇಕು, ವರ್ಷದಲ್ಲೇ ಉದ್ದದ ಮಧ್ಯಾಹ್ನದ ನೆರಳು. ಸಂಕ್ರಾಂತಿಯ ದಿನ ಮತ್ತೆ ಅಳೆಯೋಣ, 68ಕ್ಕೆ ಇಳಿದಿರುತ್ತೆ. ಟೇಪು ನಾನು ತರ್ತೀನಿ. ಕೋಲು ಯಾರು ತರ್ತೀರಿ, ಹೇಳಿ.