ಇಳಿವಯಸ್ಸಿನ ಉಳಿತಾಯಕ್ಕೂ ಒಂದು ಲೆಕ್ಕದ ಪುಸ್ತಕ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಬೇಸಾಯಶಾಸ್ತ್ರದ ಅಧ್ಯಾಪಕನಾದ ನಾನು ರಾಗಿ, ತೊಗರಿ, ನೆಲಗಡಲೆಗಳ ವಿಷಯವಾಗಿ ಮಾತನಾಡುವೆನೆಂದು ತಾವು ನಿರೀಕ್ಷಿಸಿರಬಹುದು. ಇಂದು ನಾನು ಹೇಳಬಯಸುವುದು ಬೇರೊಂದು ಬೆಳೆಯ ವಿಷಯ. ಇದನ್ನು ಮೂವತ್ತೈದನೆಯ ವಯಸ್ಸಿನಲ್ಲಿ ಬಿತ್ತಿದರೆ ಅರವತ್ತನೆಯ ವಯಸ್ಸಿಗೆ ಕೊಯ್ಲಿಗೆ ಬರುತ್ತದೆ. ಒಮ್ಮೆ ಕೆಟ್ಟರೆ ಮರುಬಿತ್ತನೆಗೆ ಕಾಲವಿರುವುದಿಲ್ಲ. ಅದೇ ಮುಪ್ಪಿನ ಕಾಲದ ಉಳಿತಾಯ.

ನೌಕರರಿಗೆ ನಿವೃತ್ತಿಯ ದಿನ ಮೊದಲೇ ಗೊತ್ತಿರುತ್ತದೆ. ಭವಿಷ್ಯ ನಿಧಿಯಲ್ಲಿ ಎಷ್ಟು ಹಣ ಕೂಡಿದೆಯೆಂಬ ಚೀಟಿಯೂ ವರ್ಷಕ್ಕೊಮ್ಮೆ ಕೈಗೆ ಬರುತ್ತದೆ. ರೈತನಿಗೆ ಇವೆರಡೂ ಇಲ್ಲ. ಮೊಣಕಾಲು ಇನ್ನಾಗದು ಎಂದ ದಿನವೇ ಅವನ ನಿವೃತ್ತಿ. ಆದುದರಿಂದ ಆ ಚೀಟಿಯನ್ನು ಅವನೇ ಬರೆದುಕೊಳ್ಳಬೇಕು. ಹೇಗೆ ಬರೆಯಬೇಕು, ಅದರಲ್ಲಿ ಏನನ್ನು ನೋಡಬೇಕು ಎಂಬುದಷ್ಟೇ ಇಂದಿನ ಮಾತು.

ಒಂದು ತಗಡಿನ ಪೆಟ್ಟಿಗೆ

ನನ್ನ ತಂದೆಯವರು ಮಳೆಯಾಶ್ರಿತ ರಾಗಿ ಬೆಳೆಯುತ್ತಿದ್ದ ರೈತರು. ಯಾವ ವರ್ಷ ಎಷ್ಟು ಪಲ್ಲ ರಾಗಿಯಾಯಿತು, ಯಾವ ಆಳಿಗೆ ಎಷ್ಟು ಕೂಲಿ ಬಾಕಿ ಎಂಬುದೆಲ್ಲ ಅವರ ಬಾಯಲ್ಲೇ ಇತ್ತು. ಅವರು ತೀರಿಕೊಂಡ ಮೇಲೆ ತಗಡಿನ ಪೆಟ್ಟಿಗೆ ತೆಗೆದು ನೋಡಿದೆವು. ಎರಡು ಪಾಸ್‌ಪುಸ್ತಕಗಳು, ಅವಧಿ ಮುಗಿದು ವರ್ಷಗಳೇ ಆಗಿದ್ದ ಒಂದು ಠೇವಣಿ ರಸೀದಿ ಮತ್ತು ಒಂದು ವಿಮಾ ಪಾಲಿಸಿ ಸಿಕ್ಕಿದವು. ಪಾಲಿಸಿಗೆ ಎರಡು ಕಂತು ಮಾತ್ರ ಕಟ್ಟಿ ನಿಲ್ಲಿಸಿದ್ದರು. ಅದರಿಂದ ಏನೂ ಬರಲಿಲ್ಲ. ಠೇವಣಿಗೆ ನಾಮಿನಿಯಾಗಿ ಇದ್ದದ್ದು ನನ್ನ ಅಜ್ಜಿಯ ಹೆಸರು. ಅಜ್ಜಿ ತಂದೆಯವರಿಗಿಂತ ಮೊದಲೇ ಹೋಗಿದ್ದರು. ಆ ಹಣ ನನ್ನ ತಾಯಿಯ ಕೈ ಸೇರಲು ಒಂದೂವರೆ ವರ್ಷ ಓಡಾಡಬೇಕಾಯಿತು.

ತಂದೆಯವರು ಉಳಿಸಿರಲಿಲ್ಲ ಎನ್ನುವಂತಿಲ್ಲ, ಉಳಿಸಿದ್ದರು. ಆದರೆ ಉಳಿಸಿದ್ದನ್ನು ವರ್ಷಕ್ಕೊಮ್ಮೆ ಒಂದೆಡೆ ಬರೆದು ನೋಡಿರಲಿಲ್ಲ. ನೋಡಿದ್ದರೆ ನಿಂತ ಪಾಲಿಸಿಯೂ ಹಳೆಯ ನಾಮಿನಿಯೂ ಮೊದಲ ವರ್ಷವೇ ಕಣ್ಣಿಗೆ ಬೀಳುತ್ತಿದ್ದವು.

ವರ್ಷಕ್ಕೆ ಒಂದು ಪುಟ

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಬ್ರಾಡ್‌ಬಾಕ್ ತಾಕಿನಲ್ಲಿ 1843ರಲ್ಲಿ ಒಂದು ಗೋಧಿ ಪ್ರಯೋಗ ಆರಂಭವಾಯಿತು. ಅದು ಇಂದಿಗೂ ನಡೆದಿದೆ. ಯಾವ ತಾಕಿಗೆ ಏನು ಹಾಕಿದರು, ಎಷ್ಟು ಬಂತು ಎಂದು ತಪ್ಪದೆ ಬರೆದಿಟ್ಟಿರುವುದರಿಂದಲೇ ಅದಕ್ಕೆ ಬೆಲೆ. ಒಂದು ವರ್ಷದ ಅಂಕಿಯಿಂದ ಹೆಚ್ಚೇನೂ ತಿಳಿಯದು. ಸಾಲಾಗಿ ನಿಂತ ಅಂಕಿಗಳು ಸತ್ಯವನ್ನು ಹೇಳುತ್ತವೆ. ಉಳಿತಾಯಕ್ಕೂ ಇದೇ ಕ್ರಮ ಸಾಕು.

ಯುಗಾದಿಯ ಹೊನ್ನಾರು ಮುಗಿದ ಮೇಲೆ, ಏಪ್ರಿಲ್ ತಿಂಗಳಿನಲ್ಲಿ, ಮಾರ್ಚ್ 31ರ ಬಡ್ಡಿ ಜಮಾ ಆದನಂತರ ಪಾಸ್‌ಪುಸ್ತಕಗಳನ್ನು ನಮೂದು ಮಾಡಿಸಿಕೊಂಡು ಬನ್ನಿ. ನೂರು ಹಾಳೆಯ ನೋಟ್‌ಪುಸ್ತಕದಲ್ಲಿ ಪ್ರತಿ ಖಾತೆಗೂ ಒಂದು ಸಾಲಿನಂತೆ ಹೀಗೆ ಬರೆಯಿರಿ:

1. ಹಣ ಎಲ್ಲಿದೆ, ಖಾತೆಯ ಸಂಖ್ಯೆ, ನಾಮಿನಿ ಯಾರು.
2. ವರ್ಷದ ಆರಂಭದಲ್ಲಿ ಇದ್ದ ಮೊತ್ತ.
3. ಈ ವರ್ಷ ಕಟ್ಟಿದ್ದು.
4. ಈ ವರ್ಷ ತೆಗೆದದ್ದು.
5. ವರ್ಷದ ಕೊನೆಯಲ್ಲಿ ಇರುವ ಮೊತ್ತ.
6. ಬೆಳೆದದ್ದು.

ಆರನೆಯ ಕಲಮೇ ಮುಖ್ಯವಾದುದು. ಉದಾಹರಣೆಗೆ, ಆರಂಭದಲ್ಲಿ 40,000 ರೂಪಾಯಿ ಇತ್ತು. ಏಪ್ರಿಲ್‌ನಲ್ಲಿ 10,000 ಕಟ್ಟಿದಿರಿ. ವರ್ಷದ ಕೊನೆಗೆ ಮಗಳ ಶುಲ್ಕಕ್ಕೆಂದು 5,000 ತೆಗೆದಿರಿ. ಈಗ 48,500 ಇದೆ. ಮೇಲ್ನೋಟಕ್ಕೆ 8,500 ಹೆಚ್ಚಿದಂತೆ ಕಾಣುತ್ತದೆ. ಆದರೆ ಕೊನೆಯ ಮೊತ್ತದಿಂದ ಆರಂಭದ ಮೊತ್ತವನ್ನೂ ಕಟ್ಟಿದ್ದನ್ನೂ ಕಳೆದು, ತೆಗೆದದ್ದನ್ನು ಕೂಡಿಸಿದರೆ ಬರುವುದು 3,500. ಹಣ ತಾನಾಗಿ ದುಡಿದದ್ದು ಇಷ್ಟು. 50,000ಕ್ಕೆ 3,500 ಎಂದರೆ ಶೇ. 7. ಹಾಕಿದ ಗೊಬ್ಬರವನ್ನೂ ಬಂದ ಇಳುವರಿಯನ್ನೂ ಒಂದೇ ಗುಡ್ಡೆ ಮಾಡಿ ಅಳೆಯುವವರುಂಟೇ? ಹಣದ ವಿಷಯದಲ್ಲಿ ಮಾತ್ರ ನಾವು ಹಾಗೆ ಮಾಡುತ್ತೇವೆ.

ಮೊದಲ ವರ್ಷಗಳು ಬೇಸರ ತರಿಸುತ್ತವೆ

ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿ.ಪಿ.ಎಫ್., 1968ರಿಂದ ಇದೆ. ಅಂಚೆ ಕಚೇರಿಯಲ್ಲಿಯೂ ಬ್ಯಾಂಕುಗಳಲ್ಲಿಯೂ ರೈತರು ಇದನ್ನು ತೆರೆಯಬಹುದು. ಅವಧಿ 15 ವರ್ಷ. ಅನಂತರ ಐದೈದು ವರ್ಷ ಮುಂದುವರಿಸಬಹುದು. ಏಪ್ರಿಲ್ 2020ರಲ್ಲಿ ಇದರ ಬಡ್ಡಿಯನ್ನು ಶೇ. 7.1ಕ್ಕೆ ಇಳಿಸಲಾಯಿತು. ಪ್ರತಿ ವರ್ಷ ಏಪ್ರಿಲ್ 5ರ ಒಳಗೆ 12,000 ರೂಪಾಯಿ ಕಟ್ಟುತ್ತಾ ಹೋದರೆ, ಬಡ್ಡಿ ಇದೇ ದರದಲ್ಲಿ ನಿಂತರೆ, ಲೆಕ್ಕ ಹೀಗೆ ಬರುತ್ತದೆ:

5 ವರ್ಷಕ್ಕೆ: ಕಟ್ಟಿದ್ದು 60,000, ಬೆಳೆದದ್ದು ಸುಮಾರು 14,000.
10 ವರ್ಷಕ್ಕೆ: ಕಟ್ಟಿದ್ದು 1,20,000, ಬೆಳೆದದ್ದು ಸುಮಾರು 58,000.
15 ವರ್ಷಕ್ಕೆ: ಕಟ್ಟಿದ್ದು 1,80,000, ಬೆಳೆದದ್ದು ಸುಮಾರು 1,45,000.
20 ವರ್ಷಕ್ಕೆ: ಕಟ್ಟಿದ್ದು 2,40,000, ಬೆಳೆದದ್ದು ಸುಮಾರು 2,93,000.
25 ವರ್ಷಕ್ಕೆ: ಕಟ್ಟಿದ್ದು 3,00,000, ಬೆಳೆದದ್ದು ಸುಮಾರು 5,25,000.

ಮೊದಲ ಐದು ವರ್ಷಗಳಲ್ಲಿ ಬೆಳೆದದ್ದು 14,000; ಕೊನೆಯ ಐದು ವರ್ಷಗಳಲ್ಲಿ ಬೆಳೆದದ್ದು 2,32,000. ತೆಂಗಿನ ಸಸಿ ನೆಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೂ ಐದನೆಯ ವರ್ಷದಲ್ಲಿ, ಏನೂ ಬೆಳೆಯಲಿಲ್ಲವೆಂದು ಖಾತೆಗೆ ಕಟ್ಟುವುದನ್ನೇ ನಿಲ್ಲಿಸುವವರು ಅನೇಕರು. ಹಣ ಎಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತದೆಂದು ತಿಳಿಯಲು 72ನ್ನು ಬಡ್ಡಿಯ ದರದಿಂದ ಭಾಗಿಸಿರಿ. ಶೇ. 7.1ಕ್ಕೆ ಸುಮಾರು 10 ವರ್ಷ. ಯಾರಾದರೂ ಮೂರು ವರ್ಷದಲ್ಲಿ ಇಮ್ಮಡಿ ಮಾಡಿಕೊಡುವೆವೆಂದರೆ ಅದು ಶೇ. 24ರ ಮಾತು, ಅಂತಹ ಮಾತಿಗೆ ದೂರದಿಂದಲೇ ಕೈ ಮುಗಿಯಿರಿ.

ದರವೂ ಸ್ಥಿರವಲ್ಲ. ಇದೇ ನಿಧಿಗೆ 1986ರಿಂದ 1999ರವರೆಗೆ ಶೇ. 12 ಬಡ್ಡಿ ಇತ್ತು. ಆದುದರಿಂದ ಆಯಾ ವರ್ಷದ ದರವನ್ನೂ ಪುಟದಲ್ಲಿ ಬರೆದಿಡಬೇಕು.

ರೂಪಾಯಿಯನ್ನಲ್ಲ, ಅನ್ನವನ್ನು ಅಳೆಯಿರಿ

ಇಪ್ಪತ್ತೈದು ವರ್ಷಕ್ಕೆ ಎಂಟು ಲಕ್ಷ ಇಪ್ಪತ್ತೈದು ಸಾವಿರ ಎಂದು ಕೇಳಿದಾಗ ಸಂತೋಷವಾಗುವುದು ಸಹಜ. ಇಲ್ಲಿಯೇ ಎಚ್ಚರ ಬೇಕು. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ, ಇಂದು 100 ರೂಪಾಯಿಗೆ ಸಿಗುವ ಸಾಮಾನಿಗೆ ಅಂದು ಸುಮಾರು 339 ರೂಪಾಯಿ ಕೊಡಬೇಕು. ಆ ಎಂಟೂಕಾಲು ಲಕ್ಷ ಇಂದಿನ ಬೆಲೆಯಲ್ಲಿ ಸುಮಾರು 2,43,000 ಮಾತ್ರ. ಮನೆಯ ನಗದು ಖರ್ಚು ಇಂದು ತಿಂಗಳಿಗೆ 8,000 ಇದ್ದರೆ ಇದು ಎರಡೂವರೆ ವರ್ಷಕ್ಕೆ ಸಾಲುತ್ತದೆ.

ಇದರಿಂದ ಉಳಿತಾಯವೇ ವ್ಯರ್ಥವೆಂದು ತಿಳಿಯಬಾರದು. ಪೆಟ್ಟಿಗೆಯಲ್ಲಿಟ್ಟ ನೋಟು ಇದಕ್ಕಿಂತ ಬೇಗ ಸವೆಯುತ್ತದೆ. ಮಾಡಬೇಕಾದದ್ದು ಇಷ್ಟೇ: ಕಟ್ಟುವ ಮೊತ್ತವನ್ನೂ ವರ್ಷಕ್ಕೆ ಶೇ. 5ರಂತೆ ಏರಿಸುತ್ತಾ ಹೋಗುವುದು. ಮೊದಲ ವರ್ಷ 12,000, ಎರಡನೆಯ ವರ್ಷ 12,600, ಹೀಗೆ. ಆಗ 25 ವರ್ಷಕ್ಕೆ ಸುಮಾರು 13,27,000 ಕೂಡುತ್ತದೆ. ಇಂದಿನ ಬೆಲೆಯಲ್ಲಿ 3,92,000, ಅಂದರೆ ನಾಲ್ಕು ವರ್ಷದ ಖರ್ಚು. ಪುಟದ ಕೆಳಗೆ ಪ್ರತಿ ವರ್ಷ ಒಂದು ಸಾಲು ಬರೆಯಿರಿ: ‘ಈ ಉಳಿತಾಯ ನಮ್ಮ ಇಂದಿನ ಖರ್ಚಿಗೆ ಎಷ್ಟು ತಿಂಗಳು ಬರುತ್ತದೆ?’ ಈ ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ನೀವು ಮುಂದೆ ಹೋಗುತ್ತಿದ್ದೀರಿ. ಇಲ್ಲವಾದರೆ ರೂಪಾಯಿ ಏರಿದರೂ ನೀವು ನಿಂತಲ್ಲೇ ಇದ್ದೀರಿ.

ಪಿಂಚಣಿ ಯೋಜನೆಗಳಿಗೂ ಇದೇ ಅಳತೆ. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಯಲ್ಲಿ 60ನೆಯ ವಯಸ್ಸಿನಿಂದ ತಿಂಗಳಿಗೆ 1,000ದಿಂದ 5,000 ರೂಪಾಯಿಯವರೆಗೆ ಆರಿಸಿಕೊಂಡಷ್ಟು ಪಿಂಚಣಿ ಬರುತ್ತದೆ. 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಮಾನಧನ್ ಯೋಜನೆ 2 ಹೆಕ್ಟೇರ್‌ವರೆಗಿನ ಜಮೀನುಳ್ಳ, 18ರಿಂದ 40 ವಯಸ್ಸಿನ ರೈತರಿಗಾಗಿ ರೂಪಿಸಿದ್ದು. ಸೇರುವ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು. ಕೇಂದ್ರ ಸರ್ಕಾರವೂ ಅಷ್ಟನ್ನೇ ಸೇರಿಸುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ಬರುತ್ತದೆ. ಅರ್ಹರು ಸೇರುವುದು ಲಾಭದಾಯಕವೇ ಸರಿ. ಆದರೆ 25 ವರ್ಷದ ನಂತರದ 3,000 ಇಂದಿನ ಲೆಕ್ಕದಲ್ಲಿ 900ಕ್ಕೂ ಕಡಿಮೆ. ಇದನ್ನು ಉಪ್ಪು, ಎಣ್ಣೆಯ ಖರ್ಚಿಗೆಂದು ಎಣಿಸಬೇಕೇ ಹೊರತು ಪೂರ್ತಿ ಸಂಸಾರಕ್ಕೆಂದಲ್ಲ.

ಏರಿಳಿತದ ಖಾತೆ

ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್.ಪಿ.ಎಸ್., 2009ರ ಮೇ ತಿಂಗಳಿನಿಂದ ಎಲ್ಲ ನಾಗರಿಕರಿಗೂ ತೆರೆದಿದೆ. ಇದರಲ್ಲಿ ಹಣದ ಒಂದು ಭಾಗ ಷೇರುಪೇಟೆಗೂ ಹೋಗಬಹುದಾದ್ದರಿಂದ ಮೊತ್ತ ಏರಿಳಿಯುತ್ತದೆ. ಮುಂಬಯಿ ಷೇರುಪೇಟೆಯ ಸೂಚ್ಯಂಕ 2020ರ ಜನವರಿಯಲ್ಲಿ 42,000 ಮುಟ್ಟಿ, ಮಾರ್ಚ್ 23ರಂದು 26,000ಕ್ಕಿಂತ ಕೆಳಗೆ ಬಿದ್ದಿತು. ಅದೇ ನವೆಂಬರ್‌ನಲ್ಲಿ ಮತ್ತೆ 42,000 ದಾಟಿತು. ಮಾರ್ಚ್‌ನಲ್ಲಿ ಹೆದರಿ ಷೇರು ಮಾರಿದವರ ನಷ್ಟ ಅಲ್ಲಿಗೇ ಗಟ್ಟಿಯಾಯಿತು. ಪ್ರತಿ ಬಾರಿಯೂ ಇಷ್ಟು ಬೇಗ ಚೇತರಿಕೆ ಬರುವುದೆಂಬ ಭರವಸೆಯಿಲ್ಲ. ಆದುದರಿಂದ ಇಂತಹ ಖಾತೆಯನ್ನು ದಿನವೂ ನೋಡದೆ ವರ್ಷಕ್ಕೊಮ್ಮೆ ನೋಡಿರಿ. ಐದಾರು ವರ್ಷದೊಳಗೆ ಬೇಕಾಗುವ ಹಣವನ್ನು ಇಲ್ಲಿಡಬೇಡಿರಿ.

ಸಾಲದ ಸಾಲು

ಉಳಿತಾಯದ ಪುಟದ ಎದುರು ಪುಟದಲ್ಲಿ ಸಾಲಗಳನ್ನು ಬರೆಯತಕ್ಕದ್ದು: ಸೊಸೈಟಿ ಸಾಲ, ಒಡವೆ ಸಾಲ, ಕೈಸಾಲ ಎಲ್ಲವನ್ನೂ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯೆಂದರೆ ವರ್ಷಕ್ಕೆ ಶೇ. 36. ಒಂದು ಕಡೆ ಶೇ. 7ಕ್ಕೆ ಹಣವಿಟ್ಟು ಇನ್ನೊಂದು ಕಡೆ ಶೇ. 36ಕ್ಕೆ ಸಾಲ ಹೊತ್ತಿರುವುದು, ತೂತು ಬಿದ್ದ ಕಾಲುವೆಯಲ್ಲಿ ನೀರು ಹಾಯಿಸಿದಂತೆ. ಮೊದಲು ಅದನ್ನು ತೀರಿಸಿರಿ. ಉಳಿತಾಯದಿಂದ ಸಾಲ ಕಳೆದು ಉಳಿದದ್ದೇ ನಿಮ್ಮ ನಿಜವಾದ ಗಂಟು. ಜಮೀನು, ಒಡವೆ, ಬದುವಿನ ತೇಗದ ಮರಗಳನ್ನು ಬೇರೆ ಪುಟದಲ್ಲಿ ಬರೆಯಿರಿ. ಅವು ಆಸ್ತಿ ನಿಜ. ಆದರೆ ಔಷಧಿ ಅಂಗಡಿಯಲ್ಲಿ ಗುಂಟೆ ಲೆಕ್ಕ ನಡೆಯದು.

ಕೊನೆಯ ಮಾತು

ಇಂದಿನ ಮಾತಿನ ಸಾರಾಂಶ ಹೀಗಿದೆ:

1. ಏಪ್ರಿಲ್‌ನಲ್ಲಿ ಒಂದು ದಿನ, ವರ್ಷಕ್ಕೆ ಒಂದು ಪುಟ.
2. ಕಟ್ಟಿದ್ದು ಬೇರೆ, ಬೆಳೆದದ್ದು ಬೇರೆ.
3. ಕಟ್ಟುವ ಮೊತ್ತವನ್ನು ಪ್ರತಿ ವರ್ಷ ಸ್ವಲ್ಪವಾದರೂ ಏರಿಸುವುದು.
4. ಮೊತ್ತವನ್ನು ‘ಎಷ್ಟು ತಿಂಗಳ ಖರ್ಚು’ ಎಂದು ಅಳೆಯುವುದು.
5. ನಿಂತುಹೋದ ಖಾತೆಗೆ ಜೀವ ತುಂಬುವುದು. ಪಿ.ಪಿ.ಎಫ್.ಗೆ ವರ್ಷಕ್ಕೆ ಕನಿಷ್ಠ 500 ಕಟ್ಟದಿದ್ದರೆ ಅದು ನಿಲ್ಲುತ್ತದೆ. ತಪ್ಪಿದ ಪ್ರತಿ ವರ್ಷಕ್ಕೆ ಆ 500ರ ಜೊತೆ 50 ರೂಪಾಯಿ ದಂಡ ಕಟ್ಟಿ ಮತ್ತೆ ನಡೆಸಬಹುದು. ವಿಮಾ ಪಾಲಿಸಿಯನ್ನೂ ನಿಗದಿತ ಅವಧಿಯೊಳಗೆ ಬಾಕಿ ಕಟ್ಟಿ ಊರ್ಜಿತಗೊಳಿಸಬಹುದು.
6. ನಾಮಿನಿಯ ಹೆಸರನ್ನು ಪ್ರತಿ ವರ್ಷ ಓದಿ ನೋಡುವುದು.

ಏಳನೆಯದೊಂದಿದೆ. ಈ ಪುಟವನ್ನು ಬರೆಯುವಾಗ ಮನೆಯಾಕೆ ಪಕ್ಕದಲ್ಲಿ ಕುಳಿತಿರಬೇಕು. ಪುಸ್ತಕ ಎಲ್ಲಿದೆಯೆಂಬುದು ಆಕೆಗೂ ಮಕ್ಕಳಿಗೂ ತಿಳಿದಿರಬೇಕು. ನನ್ನ ತಾಯಿಗೆ ಆ ತಗಡಿನ ಪೆಟ್ಟಿಗೆಯ ಬೀಗದ ಕೈ ಎಲ್ಲಿದೆಯೆಂದು ಗೊತ್ತಿತ್ತು; ಒಳಗಿನ ಕಾಗದಗಳ ಅರ್ಥವನ್ನು ಯಾರೂ ಹೇಳಿರಲಿಲ್ಲ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ಮಣ್ಣು ಪರೀಕ್ಷೆಯ ಮಹತ್ವ ಹೇಳಲು ಊರಿಗೆ ಹೋದಾಗ ಈ ಆರು ಕಲಮುಗಳ ಹಾಳೆಯನ್ನೂ ಒಯ್ಯಿರಿ. ಇಂತಲ್ಲಿ ಹಣ ಹಾಕಿರೆಂದು ಸಲಹೆ ಕೊಡುವುದು ಬೇಡ. ಇರುವುದನ್ನು ಬರೆಯಲು ನೆರವಾದರೆ ಸಾಕು. ‘ಕೂತು ಉಂಡರೆ ಕುಡಿಕೆ ಹೊನ್ನು ಸಾಲದು’ ಎಂದು ಹಿರಿಯರು ಹೇಳಿದ್ದಾರೆ. ಕೂತು ಉಣ್ಣುವ ಕಾಲ ಎಲ್ಲರಿಗೂ ಬರುತ್ತದೆ. ಕುಡಿಕೆಯಲ್ಲಿ ಎಷ್ಟಿದೆಯೆಂದು ಅಷ್ಟರೊಳಗೆ ಎಣಿಸಿ ನೋಡಿದವನು, ಕಡಿಮೆ ಬಿದ್ದದ್ದನ್ನು ತುಂಬಲು ಇನ್ನೂ ಕೈಲಾಗುವಾಗಲೇ ತೊಡಗಬಲ್ಲನು.